ಮೆದುಳಿಗೆ ಬೀಳುವ ಪೆಟ್ಟು

ಕ್ರಿ.ಶ. 1868ನೆಯ ಇಸವಿ, ಅಕ್ಟೋಬರ್ 19ನೆಯ ದಿನ. ಫ್ರಾನ್ಸಿನ ರಾಜಧಾನಿ ಪ್ಯಾರಿಸ್ ನಗರದಲ್ಲಿ ಪ್ರಖ್ಯಾತ ವಿಜ್ಞಾನಿ ಲೂಯಿ ಪಾಶ್ಚರರಿಗೆ ದೇಹದ ಎಡಭಾಗದಲ್ಲಿ ಏನೋ ಜುಮುಗುಟ್ಟಿದಂತಾಯಿತು. ಆಗ ಅವರಿಗೆ 45 ವರ್ಷ. ಮಧ್ಯಾಹ್ನದ ಊಟವಾದ ಮೇಲೆ ಮೈ ನಡುಗಿತು. ಆದರೆ ಅಂದು ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ರೇಷ್ಮೆಹುಳುಗಳ ರೋಗವನ್ನು ಕುರಿತ ಪ್ರಬಂಧವೊಂದನ್ನು ಅವರು ಓದಬೇಕಾಗಿತ್ತು. ಮನೆಯವರ ಆತಂಕವನ್ನು ಬದಿಗಿರಿಸಿ ಸಭೆಗೆ ಹೋದರು. ಎಂದಿನ ಗಟ್ಟಿ ದನಿಯಲ್ಲಿಯೇ ಪ್ರಬಂಧವನ್ನು ಓದಿದರು. ಸ್ನೇಹಿತರೊಡನೆ ಮನೆಗೆ ಹಿಂದಿರುಗಿದರು. ರಾತ್ರಿ ಸ್ವಲ್ಪ ಊಟಮಾಡಿ ಬೇಗನೆ ಮಲಗಿದರು. ಮಲಗಿದ ಸ್ವಲ್ಪ ಹೊತ್ತಿಗೆ ಬೆಳಗಿನ ತೊಂದರೆ ಮರುಕಳಿಸಿತು. ಮಾತನಾಡಲು ಯತ್ನಿಸಿದರು, ನಾಲಗೆ ಹೊರಳಲಿಲ್ಲ. ಕೆಲವು ಕ್ಷಣಗಳ ಬಳಿಕ ಕಷ್ಟಪಟ್ಟು ಸಹಾಯಕ್ಕಾಗಿ ಕೂಗಿದರು. ಆ ರಾತ್ರಿ ಕಳೆಯುವಷ್ಟರಲ್ಲಿ ಅವರ ಎಡಗೈ ಮತ್ತು ಎಡಗಾಲು ಸಂಪೂರ್ಣವಾಗಿ ಸ್ವಾಧೀನ ತಪ್ಪಿದ್ದವು.

ಆ ಕಾಲದ ಶ್ರೇಷ್ಠ ವೈದ್ಯರು ಪಾಶ್ಚರರ ಹಾಸಿಗೆಯ ಬಳಿ ನೆರೆದರು. ಆದರೆ ಅವರ ಕೈಯಲ್ಲಿದ್ದ ಸಾಧನವಾದರೂ ಏನು? ಕಿವಿಯ ಹಿಂಭಾಗಕ್ಕೆ ಜಿಗಣೆಗಳನ್ನು ಕಚ್ಚಿಸಿ ರಕ್ತ ಹೀರಿಸುವುದೇ ಅಂದಿನ ಚಿಕಿತ್ಸೆಯಾಗಿತ್ತು. ರೋಗಿಯ ಮೆದುಳಿನೊಳಗೆ ಏನು ನಡೆದಿದೆ ಎಂಬುದನ್ನು ನೋಡುವ ಉಪಾಯ ಯಾರಿಗೂ ತಿಳಿದಿರಲಿಲ್ಲ. ಪುಣ್ಯವಶಾತ್ ಪಾಶ್ಚರರ ಬುದ್ಧಿ ಮಂಕಾಗಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗಲೇ ವಿಜ್ಞಾನದ ಟಿಪ್ಪಣಿಯೊಂದನ್ನು ಶಿಷ್ಯನಿಂದ ಬರೆಯಿಸಿದರು. ಎಡಗಾಲನ್ನು ಎಳೆದುಕೊಂಡೇ ನಡೆಯುತ್ತ ಮತ್ತೆ 27 ವರ್ಷ ಬಾಳಿದರು. ಹುಚ್ಚುನಾಯಿ ಕಡಿತಕ್ಕೆ ಅವರು 1885ರಲ್ಲಿ ಮೊದಲ ಬಾರಿಗೆ ಬಾಲಕನೊಬ್ಬನಿಗೆ ಕೊಟ್ಟ ಲಸಿಕೆ ಈ ಕಾಯಿಲೆಯ ಅನಂತರದ ಸಾಧನೆ. ರೇಷ್ಮೆಯ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗರಹಿತ ಮೊಟ್ಟೆಗಳನ್ನು ಆರಿಸಿಕೊಳ್ಳುವ ಅವರ ವಿಧಾನ ಕರ್ನಾಟಕದ ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಪಾಶ್ಚರರನ್ನು ಆ ರಾತ್ರಿ ಕೆಡವಿದ ಕಾಯಿಲೆಗೆ ಕನ್ನಡದಲ್ಲಿ ಪಾರ್ಶ್ವವಾಯು ಎಂದು ಹೆಸರು. ಪಾರ್ಶ್ವ ಎಂದರೆ ಪಕ್ಕ, ಮಗ್ಗುಲು. ದೇಹದ ಒಂದು ಪಕ್ಕವನ್ನು ವಾಯು ಹಿಡಿಯಿತು ಎಂಬ ಹಳೆಯ ಭಾವನೆಯಿಂದ ಈ ಮಾತು ಹುಟ್ಟಿತು. ಆಯುರ್ವೇದದ ಗ್ರಂಥಗಳು ಇದನ್ನು ಪಕ್ಷಾಘಾತವೆಂದು ಕರೆದು ವಾತರೋಗಗಳ ಸಾಲಿಗೆ ಸೇರಿಸಿದವು. ಹಳ್ಳಿಯ ಜನ ಲಕ್ವ ಹೊಡೆಯಿತು ಎನ್ನುತ್ತಾರೆ. ಇಂಗ್ಲಿಷಿನ ಸ್ಟ್ರೋಕ್ ಎಂಬ ಶಬ್ದಕ್ಕೂ ಪೆಟ್ಟು ಎಂಬುದೇ ಅರ್ಥ. ಬೇರೆ ಬೇರೆ ನಾಡಿನ ಜನರು ಈ ಕಾಯಿಲೆಯ ಒಂದು ಗುಣವನ್ನು ಸರಿಯಾಗಿಯೇ ಗುರುತಿಸಿದ್ದರು: ಇದು ಮೆಲ್ಲಮೆಲ್ಲನೆ ಬರುವುದಿಲ್ಲ, ಹಠಾತ್ತಾಗಿ ಬಂದು ಹೊಡೆಯುತ್ತದೆ. ಆದರೆ ಪೆಟ್ಟು ಬೀಳುವುದು ಕೈಗೂ ಅಲ್ಲ, ಕಾಲಿಗೂ ಅಲ್ಲ, ಮೆದುಳಿಗೆ. ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಇಂತಹ ಪೆಟ್ಟಿನಿಂದ ಸತ್ತವರ ತಲೆಯನ್ನು ಛೇದಿಸಿ ಪರೀಕ್ಷಿಸಿ, ಮೆದುಳಿನಲ್ಲಿ ರಕ್ತ ಸುರಿದು ನಿಂತಿದ್ದುದನ್ನು ಕಂಡು, 1658ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಕೈಕಾಲುಗಳ ಸೋಲಿಗೆ ಮೂಲವು ಮೆದುಳಿನ ರಕ್ತನಾಳಗಳಲ್ಲಿದೆ ಎಂಬ ತಿಳಿವಳಿಕೆಗೆ ಅಲ್ಲಿಂದ ದಾರಿಯಾಯಿತು.

ಮಾನವನ ಮೆದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಇದು ಇಡೀ ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗ ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಮೆದುಳೊಂದಕ್ಕೇ ಬೇಕು. ಸ್ನಾಯುಗಳಂತೆ ಆಹಾರವನ್ನು ಕೂಡಿಟ್ಟುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಕ್ಷಣಕ್ಷಣವೂ ಹೊಸ ರಕ್ತ ಹರಿದು ಬರುತ್ತಲೇ ಇರಬೇಕು. ಕುತ್ತಿಗೆಯ ಮುಂಭಾಗದ ಎರಡು ಮತ್ತು ಹಿಂಭಾಗದ ಎರಡು, ಹೀಗೆ ನಾಲ್ಕು ದೊಡ್ಡ ಅಪಧಮನಿಗಳು ಈ ರಕ್ತವನ್ನು ಒಯ್ಯುತ್ತವೆ. ಅವು ಮೆದುಳಿನ ಬುಡದಲ್ಲಿ ಒಂದು ಬಳೆಯಂತೆ ಕೂಡಿಕೊಂಡು, ಅಲ್ಲಿಂದ ಕವಲುಕವಲಾಗಿ ಹರಡುತ್ತವೆ. ಈ ಬಳೆಯನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ವಿವರವಾಗಿ ವರ್ಣಿಸಿದನು. ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಈ ರಕ್ತದ ಹರಿವನ್ನು ಕಾಲುವೆಯ ನೀರಿಗೆ ಹೋಲಿಸಬಹುದು. ದೊಡ್ಡ ಕಾಲುವೆಯಿಂದ ಕಿರುಗಾಲುವೆಗಳು ಒಡೆದು ಪ್ರತಿಯೊಂದು ಗದ್ದೆಗೂ ನೀರು ತಲಪುತ್ತದೆ. ಒಂದು ಗದ್ದೆಯ ಪೈರು ಎರಡು ರೀತಿಯಲ್ಲಿ ಹಾಳಾಗಬಹುದು. ಕಾಲುವೆಯಲ್ಲಿ ಹೂಳು ತುಂಬಿ, ಇಲ್ಲವೆ ಮೇಲಿನಿಂದ ತೇಲಿಬಂದ ಕಸದ ಮುದ್ದೆ ಸಿಕ್ಕಿಕೊಂಡು ನೀರು ನಿಂತುಹೋದರೆ ಪೈರು ಒಣಗುತ್ತದೆ. ಕಾಲುವೆಯ ಏರಿ ಒಡೆದು ನೀರು ನುಗ್ಗಿದರೆ ಪೈರು ಮುಳುಗಿ ಕೊಳೆಯುತ್ತದೆ. ದೂರದಲ್ಲಿ ನಿಂತು ನೋಡುವವನಿಗೆ ಎರಡೂ ಕಡೆ ಕಾಣುವುದು ಸತ್ತ ಪೈರೇ. ಆದರೆ ಒಂದಕ್ಕೆ ಕಾಲುವೆಯನ್ನು ಬಿಡಿಸಬೇಕು, ಇನ್ನೊಂದಕ್ಕೆ ಒಡೆದ ಏರಿಯನ್ನು ಕಟ್ಟಬೇಕು. ಒಡೆದ ಏರಿಯನ್ನು ಇನ್ನಷ್ಟು ಬಿಡಿಸಹೊರಟವನು ಊರನ್ನೇ ಮುಳುಗಿಸುತ್ತಾನೆ. ಪಾರ್ಶ್ವವಾಯುವಿನ ಮುಖ್ಯ ಬಗೆಗಳೂ ಹೀಗೆಯೇ ಎರಡು: ರಕ್ತನಾಳ ಕಟ್ಟಿಕೊಳ್ಳುವುದರಿಂದ ಬರುವುದು, ರಕ್ತನಾಳ ಒಡೆಯುವುದರಿಂದ ಬರುವುದು.

ಇವುಗಳಲ್ಲಿ ಹೆಚ್ಚಾಗಿ ಕಂಡುಬರುವುದು ಮೊದಲನೆಯದು. ವಯಸ್ಸು, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಇವುಗಳಿಂದ ಅಪಧಮನಿಯ ಒಳಗೋಡೆ ಒರಟಾಗಿ, ಅಲ್ಲಿ ಕೊಬ್ಬಿನ ಅಂಶ ಸೇರಿ ನಾಳ ಕಿರಿದಾಗುತ್ತದೆ. ಕಿರಿದಾದ ಕಡೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚಿಹೋಗುತ್ತದೆ. ಕೆಲವೊಮ್ಮೆ ಹೆಪ್ಪು ಬೇರೆಲ್ಲೋ ಹುಟ್ಟಿ ತೇಲಿಬರುವುದುಂಟು. ಹೃದಯವು ತಾಳತಪ್ಪಿ ಬಡಿಯತೊಡಗಿದಾಗ ಅದರ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಅದರ ಚೂರು ಕಳಚಿ ಹರಿವಿನೊಡನೆ ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ ಎಳೆಯ ವಯಸ್ಸಿನಲ್ಲಿಯೇ ಹೀಗಾಗಬಹುದು. ಆದ್ದರಿಂದ ಪಾರ್ಶ್ವವಾಯು ಮುದುಕರಿಗೆ ಮಾತ್ರ ಬರುವ ಕಾಯಿಲೆಯೆಂಬ ಭಾವನೆ ಸರಿಯಲ್ಲ. ಮೆದುಳಿನ ಆಳದಲ್ಲಿರುವ ಕೂದಲೆಳೆಯಂತಹ ನಾಳಗಳೂ ಮುಚ್ಚಿಕೊಳ್ಳುತ್ತವೆ. ಆಗ ಆಗುವ ಗಾಯ ಸಾಸಿವೆಕಾಳಿನಷ್ಟೋ ಕಡಲೆಕಾಳಿನಷ್ಟೋ ಇದ್ದರೂ, ಜಾಗ ಮುಖ್ಯವಾದುದಾದರೆ ಒಂದು ಪಕ್ಕವಿಡೀ ಸೋಲಬಹುದು. ನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲವೆಂಬ ಕಾರಣಕ್ಕಾಗಿಯೇ ಎಷ್ಟೋ ಜನ ಮಲಗಿದರೆ ಸರಿಹೋದೀತು ಎಂದು ಸುಮ್ಮನಾಗುತ್ತಾರೆ.

ಎರಡನೆಯ ಬಗೆಯಲ್ಲಿ ನಾಳ ಒಡೆದು ರಕ್ತ ಹೊರಗೆ ಸುರಿಯುತ್ತದೆ. ಇದರಲ್ಲಿಯೂ ಎರಡು ವಿಧ. ಬಹುಕಾಲದ ಅಧಿಕ ರಕ್ತದೊತ್ತಡದಿಂದ ಜೀರ್ಣವಾದ ನಾಳ ಮೆದುಳಿನ ಒಳಗೇ ಒಡೆಯುವುದು ಒಂದು ವಿಧ. ಆಗ ತಲೆನೋವು, ವಾಂತಿ, ಕೈಕಾಲುಗಳ ಸೋಲು ಕಾಣಿಸಿಕೊಂಡು, ನೋಡನೋಡುತ್ತ ರೋಗಿ ಮಂಕಾಗಿ ಎಚ್ಚರ ತಪ್ಪಬಹುದು. ಮೆದುಳಿನ ಹೊರಮೈಯಲ್ಲಿ, ಅದನ್ನು ಸುತ್ತಿದ ಪೊರೆಗಳ ನಡುವೆ ರಕ್ತ ಹರಡುವುದು ಇನ್ನೊಂದು ವಿಧ. ಅಪಧಮನಿಯ ಗೋಡೆಯ ದುರ್ಬಲ ಜಾಗವೊಂದು ಸಣ್ಣ ಹಣ್ಣಿನಂತೆ ಉಬ್ಬಿಕೊಂಡಿದ್ದು ಒಂದು ದಿನ ಒಡೆಯುವುದೇ ಇದಕ್ಕೆ ಹೆಚ್ಚಾಗಿ ಕಾರಣ. ಸಿಡಿಲು ಬಡಿದಂತೆ ಒಮ್ಮೆಲೇ ಬರುವ, ಜೀವಮಾನದಲ್ಲಿ ಎಂದೂ ಕಂಡರಿಯದಂತಹ ತಲೆನೋವು ಇದರ ಮುಖ್ಯ ಲಕ್ಷಣ. ಕುತ್ತಿಗೆ ಬಿಗಿಯುತ್ತದೆ, ಬೆಳಕನ್ನು ನೋಡಲಾಗುವುದಿಲ್ಲ. ಕೈಕಾಲು ಚೆನ್ನಾಗಿಯೇ ಆಡುತ್ತಿರಬಹುದು. ಆದರೂ ಅದು ಪಾರ್ಶ್ವವಾಯುವೇ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಅಂತ್ಯ ಈ ಎರಡನೆಯ ಬಗೆಗೆ ಉದಾಹರಣೆಯಾಗಿದೆ. 1921ರಲ್ಲಿ ಬಂದ ಬೇರೊಂದು ಕಾಯಿಲೆಯಿಂದ ಅವರ ಕಾಲುಗಳು ಸೋತಿದ್ದವು; ಅದು ಪಾರ್ಶ್ವವಾಯುವಲ್ಲ. 1944ರ ಮಾರ್ಚಿಯಲ್ಲಿ ಹೃದ್ರೋಗತಜ್ಞರು ಪರೀಕ್ಷಿಸಿದಾಗ ಅವರ ರಕ್ತದೊತ್ತಡ 186/108 ಇತ್ತು. ಅದನ್ನು ಚೆನ್ನಾಗಿ ಹತೋಟಿಗೆ ತರಬಲ್ಲ ಔಷಧಿ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರಿಣಿಯೊಬ್ಬರು ಅವರ ಭಾವಚಿತ್ರವನ್ನು ಬರೆಯುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ರೂಸ್‌ವೆಲ್ಟರು ತಲೆಯ ಹಿಂಭಾಗದಲ್ಲಿ ಭಯಂಕರ ನೋವೆಂದು ಹೇಳಿ ಎಚ್ಚರ ತಪ್ಪಿದರು. ಮೂರುವರೆ ಗಂಟೆಯ ವೇಳೆಗೆ ಅವರ ಪ್ರಾಣ ಹೋಯಿತು. ಮೆದುಳಿನ ರಕ್ತಸ್ರಾವವೇ ಸಾವಿಗೆ ಕಾರಣವೆಂದು ವೈದ್ಯರು ತಿಳಿಸಿದರು.

ಈ ಎರಡು ಬಗೆಗಳಲ್ಲದೆ ಮೂರನೆಯದೊಂದುಂಟು. ಹೆಪ್ಪು ಸ್ವಲ್ಪ ಹೊತ್ತು ನಾಳವನ್ನು ಮುಚ್ಚಿ, ಬಳಿಕ ತಾನಾಗಿಯೇ ಕರಗಿಹೋಗುತ್ತದೆ. ಕೈ ಸೋಲುತ್ತದೆ, ಮಾತು ತೊದಲುತ್ತದೆ, ಇಲ್ಲವೆ ಒಂದು ಕಣ್ಣಿಗೆ ಪರದೆ ಇಳಿಬಿಟ್ಟಂತಾಗುತ್ತದೆ. ಕೆಲವು ನಿಮಿಷಗಳಲ್ಲಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ, ಎಲ್ಲವೂ ಮೊದಲಿನಂತಾಗುತ್ತದೆ. ಇದನ್ನು ಕ್ಷಣಿಕ ಪಾರ್ಶ್ವವಾಯು ಎನ್ನಬಹುದು. ಮನೆಯವರು ಗಂಡಾಂತರ ಕಳೆಯಿತೆಂದು ನೆಮ್ಮದಿಪಡುತ್ತಾರೆ. ವಾಸ್ತವವಾಗಿ ಅದು ಎಚ್ಚರಿಕೆಯ ಗಂಟೆ. ಅನಂತರದ ಕೆಲವು ದಿನಗಳಲ್ಲಿ, ಅದರಲ್ಲಿಯೂ ಮೊದಲ ಎರಡು ದಿನಗಳಲ್ಲಿ, ದೊಡ್ಡ ಪೆಟ್ಟು ಬೀಳುವ ಸಂಭವ ಹೆಚ್ಚು. ಪಾಶ್ಚರರಿಗೆ ಹಗಲು ಬಂದುಹೋದ ತೊಂದರೆ ರಾತ್ರಿ ಮರಳಿ ಬಂದುದನ್ನು ಇಲ್ಲಿ ನೆನೆಯಬಹುದು. ಲಕ್ಷಣಗಳು ಮಾಯವಾದರೂ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.

ಪಾರ್ಶ್ವವಾಯುವಿನ ಲಕ್ಷಣ ಎಲ್ಲರಲ್ಲಿಯೂ ಒಂದೇ ಬಗೆಯಾಗಿರದು. ಮೆದುಳಿನ ಯಾವ ಭಾಗಕ್ಕೆ ರಕ್ತ ತಪ್ಪಿತೋ ಆ ಭಾಗದ ಕೆಲಸ ನಿಲ್ಲುತ್ತದೆ. ಮೆದುಳಿನಿಂದ ಇಳಿದು ಬರುವ ನರತಂತುಗಳಲ್ಲಿ ಬಹುಪಾಲು ಕುತ್ತಿಗೆಗಿಂತ ಸ್ವಲ್ಪ ಮೇಲೆ ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ದಾಟುತ್ತವೆ. ಹೀಗಾಗಿ ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದರೆ ದೇಹದ ಎಡಪಕ್ಕ ಸೋಲುತ್ತದೆ. ಹೆಚ್ಚಿನವರಲ್ಲಿ ಭಾಷೆಯ ಶಕ್ತಿ ಮೆದುಳಿನ ಎಡಭಾಗದಲ್ಲಿದೆ. ಮಾತು ಹೊರಡಿಸುವ ಶಕ್ತಿಯ ನೆಲೆ ಅಲ್ಲಿಯ ಮುಂಭಾಗದಲ್ಲಿದೆಯೆಂಬುದನ್ನು ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ 1861ರಲ್ಲಿ ರೋಗಿಗಳ ಮೆದುಳನ್ನು ಪರೀಕ್ಷಿಸಿ ತೋರಿಸಿದನು. ಪಾಶ್ಚರರ ಎಡಪಕ್ಕ ಸೋತಿತು, ಆದರೆ ಅವರ ಭಾಷೆ ಉಳಿಯಿತು. ರಷ್ಯದ ಕ್ರಾಂತಿಯ ನಾಯಕ ಲೆನಿನ್ನರಿಗೆ 1922ರ ಮೇ ತಿಂಗಳಲ್ಲಿ ಬಲಪಕ್ಕ ಸೋತು ಮಾತು ತಡವರಿಸಿತು. 1923ರ ಮಾರ್ಚಿಯಲ್ಲಿ ಮತ್ತೆ ಪೆಟ್ಟು ಬಿದ್ದಾಗ ಮಾತೇ ನಿಂತಿತು. ಸಾವಿರಾರು ಜನರನ್ನು ಮಾತಿನಿಂದ ಹುರಿದುಂಬಿಸಿದ್ದ ವ್ಯಕ್ತಿ ಕೊನೆಯ ತಿಂಗಳುಗಳಲ್ಲಿ ಕೆಲವೇ ಶಬ್ದಗಳನ್ನು ಉಚ್ಚರಿಸಬಲ್ಲವರಾಗಿ, 1924ರ ಜನವರಿಯಲ್ಲಿ ತೀರಿಕೊಂಡರು. ಅವರ ಮೆದುಳಿನ ಅಪಧಮನಿಗಳು ತೀರ ಗಡುಸಾಗಿ ಕಿರಿದಾಗಿದ್ದುದು ಶವಪರೀಕ್ಷೆಯಲ್ಲಿ ಕಂಡುಬಂತು.

ಮಾತು ಕಳೆದುಕೊಂಡ ರೋಗಿಯನ್ನು ಬುದ್ಧಿ ಕೆಟ್ಟವನೆಂದು ತಿಳಿಯಬಾರದು. ಹೇಳಬೇಕಾದುದು ಮನಸ್ಸಿನಲ್ಲಿದ್ದರೂ ಶಬ್ದ ಸಿಕ್ಕದೆ ಆತ ಒಳಗೊಳಗೇ ಒದ್ದಾಡುತ್ತಿರಬಹುದು. ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಉಂಟು. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ತಮ್ಮ ಎಡಗೈ ಸೋತಿದೆಯೆಂಬ ಅರಿವೇ ಇರುವುದಿಲ್ಲ. ನನಗೇನೂ ಆಗಿಲ್ಲ ಎಂದು ಅವರು ವಾದಿಸುತ್ತಾರೆ. ಒಬ್ಬರು ಹೇಳಲಾರರು, ಇನ್ನೊಬ್ಬರು ಅರಿಯಲಾರರು. ಆದಕಾರಣ ಈ ಕಾಯಿಲೆಯನ್ನು ಗುರುತಿಸುವ ಹೊಣೆ ಬಹುಮಟ್ಟಿಗೆ ಹತ್ತಿರದಲ್ಲಿರುವವರದು.

ಗುರುತಿಸುವ ಬಗೆ ಕಠಿಣವಲ್ಲ. ಮೂರು ಪರೀಕ್ಷೆಗಳನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ಮಾಡಬಹುದು. ಮೊದಲನೆಯದು ಮುಖ. ಹಲ್ಲು ಕಾಣುವಂತೆ ನಗಲು ಹೇಳಬೇಕು. ಬಾಯಿಯ ಒಂದು ತುದಿ ಜೋತುಬಿದ್ದಿದೆಯೇ ಎಂದು ನೋಡಬೇಕು. ಎರಡನೆಯದು ತೋಳು. ಎರಡು ತೋಳುಗಳನ್ನೂ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿಕೊಳ್ಳಲು ಹೇಳಬೇಕು. ಒಂದು ತೋಳು ತಾನಾಗಿಯೇ ಕೆಳಕ್ಕೆ ಜಾರುತ್ತದೆಯೇ ಎಂದು ಗಮನಿಸಬೇಕು. ಮೂರನೆಯದು ಮಾತು. ಒಂದು ಸರಳ ವಾಕ್ಯವನ್ನು ಹೇಳಿಸಬೇಕು. ತೊದಲಿದರೆ, ಶಬ್ದ ತಪ್ಪಿದರೆ, ಕೇಳಿದ್ದು ಅರ್ಥವಾಗದಿದ್ದರೆ ಸಂಶಯಪಡಬೇಕು. ಈ ಮೂರರಲ್ಲಿ ಒಂದು ಹಠಾತ್ತನೆ ಕಾಣಿಸಿಕೊಂಡರೂ ಸಾಕು. ಮೆದುಳಿನ ಹಿಂಭಾಗಕ್ಕೆ ರಕ್ತ ತಪ್ಪಿದರೆ ಈ ಮೂರೂ ಸರಿಯಾಗಿದ್ದು, ಇದ್ದಕ್ಕಿದ್ದಂತೆ ತಲೆ ತಿರುಗಬಹುದು, ನಡಿಗೆ ಓಲಾಡಬಹುದು, ಒಂದು ವಸ್ತು ಎರಡಾಗಿ ತೋರಬಹುದು, ದೃಷ್ಟಿಯ ಒಂದು ಪಕ್ಕ ಕತ್ತಲಾಗಬಹುದು. ಇಂತಹ ರೋಗಿಯನ್ನು ಕುಡಿದವನೆಂದು ಭ್ರಮಿಸಿ ದೂರ ಸರಿದವರಿದ್ದಾರೆ.

ಪಾರ್ಶ್ವವಾಯುವಿನಂತೆ ತೋರುವ ಬೇರೆ ತೊಂದರೆಗಳೂ ಇವೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರ ರಕ್ತದಲ್ಲಿ ಸಕ್ಕರೆ ತೀರ ಇಳಿದಾಗ ಮಾತು ತೊದಲಿ ಕೈ ಸೋಲಬಹುದು. ಮುಖದ ನರವೊಂದೇ ಊದಿಕೊಂಡಾಗ ಮುಖದ ಅರ್ಧಭಾಗ ಜೋತುಬೀಳುತ್ತದೆ. ಆಗ ಸಾಮಾನ್ಯವಾಗಿ ಹಣೆಯನ್ನೂ ಸುಕ್ಕುಗಟ್ಟಿಸಲಾಗುವುದಿಲ್ಲ, ಪಾರ್ಶ್ವವಾಯುವಿನಲ್ಲಿ ಹಣೆಯ ಚಲನೆ ಬಹುಮಟ್ಟಿಗೆ ಉಳಿದಿರುತ್ತದೆ. ಆದರೆ ಇಂತಹ ಭೇದಗಳನ್ನು ತೂಗಿ ನೋಡುವುದು ವೈದ್ಯರ ಕೆಲಸ. ಮನೆಯಲ್ಲಿ ಸಂಶಯ ಬಂದರೆ ಪಾರ್ಶ್ವವಾಯುವೆಂದೇ ತಿಳಿದು ಹೊರಡುವುದು ಕ್ಷೇಮ.

ಇನ್ನು ನಾಳ ಕಟ್ಟಿದೆಯೇ, ಒಡೆದಿದೆಯೇ ಎಂಬ ಪ್ರಶ್ನೆ. ತಲೆನೋವು, ವಾಂತಿ, ಎಚ್ಚರ ತಪ್ಪುವಿಕೆ ಇದ್ದರೆ ರಕ್ತಸ್ರಾವದ ಸಂಶಯ ಹೆಚ್ಚು ಎಂಬುದು ನಿಜ. ಆದರೆ ಚಿಕ್ಕ ರಕ್ತಸ್ರಾವ ತಲೆನೋವಿಲ್ಲದೆಯೂ ಬರಬಹುದು. ದೊಡ್ಡ ನಾಳ ಕಟ್ಟಿಕೊಂಡವನೂ ಎಚ್ಚರ ತಪ್ಪಬಹುದು. ಹೊರಗಿನ ಲಕ್ಷಣಗಳಿಂದ ಮಾತ್ರ ಇದನ್ನು ನಿಶ್ಚಯಿಸಲು ನುರಿತ ವೈದ್ಯರಿಗೂ ಸಾಧ್ಯವಿಲ್ಲ. ಪಾಶ್ಚರರ ವೈದ್ಯರ ಮುಂದಿದ್ದ ಕತ್ತಲೆ ಇದೇ. ಈ ಕತ್ತಲೆಯನ್ನು ನೀಗಿದವರು ವೈದ್ಯರಲ್ಲ, ಒಬ್ಬ ಎಂಜಿನಿಯರು. ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡರು ಕ್ಷ-ಕಿರಣಗಳನ್ನು ತಲೆಯ ಸುತ್ತಲಿಂದ ಹಾಯಿಸಿ, ಗಣಕಯಂತ್ರದ ನೆರವಿನಿಂದ ಮೆದುಳಿನ ಪದರಪದರದ ಚಿತ್ರವನ್ನು ಪಡೆಯುವ ಯಂತ್ರವನ್ನು ನಿರ್ಮಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮೆದುಳನ್ನು ಹೀಗೆ ನೋಡಲಾಯಿತು. ಈ ಸಾಧನೆಗಾಗಿ 1979ರಲ್ಲಿ ಅವರಿಗೂ, ಇದರ ಗಣಿತವನ್ನು ರೂಪಿಸಿದ್ದ ಅಲನ್ ಕಾರ್ಮ್ಯಾಕರಿಗೂ ನೊಬೆಲ್ ಪ್ರಶಸ್ತಿ ಬಂತು. ಸಿ.ಟಿ. ಸ್ಕ್ಯಾನ್ ಎಂದು ಹೆಸರಾದ ಈ ಚಿತ್ರದಲ್ಲಿ ಹೊಸದಾಗಿ ಸುರಿದ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಜೀವಂತ ಮನುಷ್ಯನ ತಲೆಬುರುಡೆಯೊಳಗಿನ ಎರಡು ಬಗೆಗಳನ್ನು ನಿಮಿಷಗಳಲ್ಲಿ ಬೇರ್ಪಡಿಸಿ ತಿಳಿಯುವುದು ಇದರಿಂದ ಸಾಧ್ಯವಾಯಿತು.

ಬಗೆ ತಿಳಿದ ಮೇಲೆ ಚಿಕಿತ್ಸೆಯ ದಾರಿ ಬೇರೆಯಾಗುತ್ತದೆ. ನಾಳ ಕಟ್ಟಿದ್ದರೆ ಹೆಪ್ಪನ್ನು ಕರಗಿಸುವ ಔಷಧಿಯನ್ನು ರಕ್ತಕ್ಕೆ ಚುಚ್ಚುತ್ತಾರೆ. ಇದರಿಂದ ಪ್ರಯೋಜನವುಂಟೆಂಬುದು 1995ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಿಂದ ಸಿದ್ಧವಾಯಿತು. ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳೊಳಗೆ ಅದನ್ನು ಕೊಡಬೇಕು. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ದೊಡ್ಡ ನಾಳ ಮುಚ್ಚಿದ್ದರೆ, ತೊಡೆಯ ಅಥವಾ ಮಣಿಕಟ್ಟಿನ ಅಪಧಮನಿಯ ಮೂಲಕ ಸಪೂರವಾದ ಕೊಳವೆಯನ್ನು ಮೆದುಳಿನವರೆಗೆ ತೂರಿಸಿ ಹೆಪ್ಪನ್ನೇ ಹೊರಕ್ಕೆಳೆಯುವ ವಿಧಾನವೂ ಈಗ ಇದೆ. ಆಯ್ದ ಕೆಲವರಲ್ಲಿ ಇದನ್ನು 24 ಗಂಟೆಗಳವರೆಗೂ ಮಾಡಬಹುದು. ನಾಳ ಒಡೆದಿದ್ದರೆ ರಕ್ತದೊತ್ತಡವನ್ನು ಎಚ್ಚರಿಕೆಯಿಂದ ಇಳಿಸಿ ಸ್ರಾವವನ್ನು ತಡೆಯಬೇಕು. ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇಂತಹ ರೋಗಿಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ರಕ್ತಸ್ರಾವ ಹೆಚ್ಚಿ ಪ್ರಾಣವೇ ಹೋದೀತು. ಒಬ್ಬನಿಗೆ ಅಮೃತವಾದುದು ಇನ್ನೊಬ್ಬನಿಗೆ ವಿಷ. ಆದ್ದರಿಂದ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಯನ್ನು ಬೇಗನೆ ತಲಪುವುದೇ ಮೊದಲ ಚಿಕಿತ್ಸೆ.

ಬೇಗನೆ ಎಂದರೆ ಎಷ್ಟು ಬೇಗ? 2006ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ, ದೊಡ್ಡ ನಾಳವೊಂದು ಮುಚ್ಚಿದಾಗ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಸತ್ತ ನರಕೋಶಗಳ ಜಾಗದಲ್ಲಿ ಹೊಸವು ಹುಟ್ಟಿ ಆ ನಷ್ಟವನ್ನು ತುಂಬುವುದಿಲ್ಲ. ಊರೆಲ್ಲ ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಏನು ಪ್ರಯೋಜನ? ಹೀಗಿದ್ದರೂ ಅಮೂಲ್ಯವಾದ ಗಂಟೆಗಳು ನಾನಾ ಕಾರಣಗಳಿಂದ ಕಳೆದುಹೋಗುತ್ತವೆ. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವವರುಂಟು. ಸೋತ ಅಂಗಕ್ಕೆ ಪಾರಿವಾಳದ ರಕ್ತವನ್ನು ಸವರುವ ರೂಢಿ ಕೆಲವೆಡೆ ಇದೆ. ಎಣ್ಣೆ ತಿಕ್ಕುತ್ತ ಬೆಳಗಾಗಲೆಂದು ಕಾಯುವವರುಂಟು. ಇವರಾರೂ ರೋಗಿಯ ಕೇಡು ಬಯಸುವವರಲ್ಲ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಪೆಟ್ಟು ಬಿದ್ದಿರುವುದು ಮೆದುಳಿಗೆ. ಕೈಗೆ ಮಾಡುವ ಉಪಚಾರ ಅಲ್ಲಿಗೆ ಮುಟ್ಟುವುದಿಲ್ಲ.

ಬೆಳಗಿನ ಹೊತ್ತು ಕಾಫಿ ಕುಡಿಯುತ್ತ ಕುಳಿತ ಅಜ್ಜನ ಕೈಯಿಂದ ಲೋಟ ಜಾರಿತೆನ್ನೋಣ. ಬಾಯಿ ಓರೆಯಾಗಿದೆ, ಕರೆದರೆ ಬರುವ ಉತ್ತರ ಅಸ್ಪಷ್ಟ. ಹಿರಿಯರು ಹೊಲಕ್ಕೋ ಸಂತೆಗೋ ಹೋಗಿದ್ದಾರೆ. ಮನೆಯಲ್ಲಿರುವುದು ಶಾಲೆಗೆ ಹೊರಟ ಹುಡುಗಿಯೊಬ್ಬಳೇ. ಅವಳು ಏನು ಮಾಡಬೇಕು? ಮೊದಲು ಗಡಿಯಾರವನ್ನು ನೋಡಿ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಅಜ್ಜ ಕೊನೆಯ ಬಾರಿ ಚೆನ್ನಾಗಿದ್ದುದು ಯಾವಾಗ ಎಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ. ನಿದ್ರೆಯಿಂದ ಏಳುವಾಗಲೇ ಕೈ ಸೋತಿದ್ದರೆ ಹಿಂದಿನ ರಾತ್ರಿ ಮಲಗಿದ ಹೊತ್ತನ್ನು ಹೇಳಬೇಕು. ಅನಂತರ 108 ಸಂಖ್ಯೆಗೆ ದೂರವಾಣಿ ಮಾಡಿ ಆಂಬುಲೆನ್ಸನ್ನು ಕರೆಯಬೇಕು, ನೆರೆಯವರನ್ನು ಕೂಗಬೇಕು. ಅಜ್ಜನಿಗೆ ನೀರು, ಕಾಫಿ, ಗಂಜಿ ಏನನ್ನೂ ಕುಡಿಸಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸನಾಳಕ್ಕೆ ಇಳಿದೀತು. ರಕ್ತವನ್ನು ತಿಳಿಯಾಗಿಸುವ ಮಾತ್ರೆಯನ್ನಾಗಲಿ ರಕ್ತದೊತ್ತಡದ ಮಾತ್ರೆಯನ್ನಾಗಲಿ ಕೊಡಬಾರದು. ನಾಳ ಕಟ್ಟಿದೆಯೋ ಒಡೆದಿದೆಯೋ ಇನ್ನೂ ತಿಳಿದಿಲ್ಲವಷ್ಟೆ. ವಾಂತಿಯಾಗುತ್ತಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಅವರು ದಿನವೂ ತೆಗೆದುಕೊಳ್ಳುವ ಔಷಧಿಗಳ ಚೀಟಿಯನ್ನು ಜೊತೆಗೆ ಒಯ್ಯಬೇಕು. ಇಷ್ಟನ್ನು ಮಾಡಲು ವೈದ್ಯಶಾಸ್ತ್ರದ ಪಾಂಡಿತ್ಯ ಬೇಕಿಲ್ಲ.

ಪೆಟ್ಟು ಬಿದ್ದ ಮೇಲೆ ಓಡುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಮೇಲು. ಪಾರ್ಶ್ವವಾಯುವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅಧಿಕ ರಕ್ತದೊತ್ತಡ. ಅದು ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಅಡಗಿರುತ್ತದೆ. ಅಳೆದು ನೋಡದೆ ತಿಳಿಯದು. ರೂಸ್‌ವೆಲ್ಟರಿಗೆ ದೊರೆಯದಿದ್ದ ಔಷಧಿಗಳು ಇಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ದೊರೆಯುತ್ತವೆ. ಹುಷಾರಾಯಿತೆಂದು ಮಾತ್ರೆಯನ್ನು ನಡುವೆ ಬಿಡುವುದು ಅಪಾಯಕರ. ಉಪ್ಪು ದಿನಕ್ಕೆ ಐದು ಗ್ರಾಮಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದೆ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ತ್ಯಜಿಸುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ದಿನವೂ ನಡೆಯುವುದು ಇವು ಉಳಿದ ರಕ್ಷೆಗಳು. ಪೆಟ್ಟು ಬಿದ್ದು ಬದುಕಿದವರಿಗೂ ನಿರಾಶೆ ಸಲ್ಲದು. ಅಂಗವ್ಯಾಯಾಮದಿಂದಲೂ ಮಾತಿನ ಅಭ್ಯಾಸದಿಂದಲೂ ಮೆದುಳಿನ ಉಳಿದ ಭಾಗಗಳು ಕಳೆದುಹೋದ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಕಲಿತುಕೊಳ್ಳುತ್ತವೆ. ಅದಕ್ಕೆ ತಿಂಗಳುಗಳ ತಾಳ್ಮೆ ಬೇಕು, ಮನೆಯವರ ಆದರ ಬೇಕು.

1868ರ ಆ ದಿನ ಪಾಶ್ಚರರು ಸಭೆಗೆ ಹೋಗದೆ ವೈದ್ಯರನ್ನೇ ಕರೆಸಿದ್ದರೂ ಹೆಚ್ಚಿನ ಪ್ರಯೋಜನವಾಗುತ್ತಿರಲಿಲ್ಲ. ಅಂದು ತಿಳಿವಳಿಕೆಯೂ ಇರಲಿಲ್ಲ, ಸಾಧನವೂ ಇರಲಿಲ್ಲ. ಇಂದು ಎರಡೂ ಇವೆ. ಕೈ ಜುಮುಗುಟ್ಟಿದ ಗಳಿಗೆಗೂ ಆಸ್ಪತ್ರೆಯ ಬಾಗಿಲಿಗೂ ನಡುವಿನ ದಾರಿಯನ್ನು ಮಾತ್ರ ಯಾವ ಯಂತ್ರವೂ ಕಡಮೆ ಮಾಡಲಾರದು. ಅದನ್ನು ಕಡಮೆ ಮಾಡಬೇಕಾದವರು ರೋಗಿಯ ಪಕ್ಕದಲ್ಲಿರುವವರು. ಓರೆಯಾದ ಬಾಯಿಯನ್ನು, ಜಾರಿದ ತೋಳನ್ನು, ತೊದಲಿದ ಮಾತನ್ನು ಕಂಡೊಡನೆ ಗುರುತಿಸಿ ಗಡಿಯಾರವನ್ನು ನೋಡಬಲ್ಲ ಒಬ್ಬರು ಮನೆಯಲ್ಲಿದ್ದರೆ, ಆ ಮನೆಯ ಹಿರಿಯರು ಮತ್ತೆ ತಮ್ಮ ಕೈಯಿಂದಲೇ ತುತ್ತೆತ್ತಿ ಉಣ್ಣುವ ದಿನ ಬರಬಹುದು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಪಾರ್ಶ್ವವಾಯು ಎಂಬ ಹೆಸರು ಹೇಗೆ ಹುಟ್ಟಿತು?
2. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದರೆ ದೇಹದ ಯಾವ ಪಕ್ಕ ಸೋಲುತ್ತದೆ? ಏಕೆ?
3. ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಹೊಸದಾಗಿ ಸುರಿದ ರಕ್ತ ಹೇಗೆ ಕಾಣುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕಾಲುವೆಯ ಹೋಲಿಕೆಯಿಂದ ಪಾರ್ಶ್ವವಾಯುವಿನ ಎರಡು ಬಗೆಗಳನ್ನು ವಿವರಿಸಿರಿ.
2. ಕ್ಷಣಿಕ ಪಾರ್ಶ್ವವಾಯುವನ್ನು ಎಚ್ಚರಿಕೆಯ ಗಂಟೆ ಎನ್ನುವುದೇಕೆ?
3. ಈ ಕಾಯಿಲೆಯನ್ನು ಗುರುತಿಸುವ ಹೊಣೆ ಹತ್ತಿರದಲ್ಲಿರುವವರದು ಎಂಬ ಮಾತನ್ನು ಸಮರ್ಥಿಸಿರಿ.

ಇ. ಸಂದರ್ಭದೊಡನೆ ವಿವರಿಸಿರಿ:
1. “ಒಬ್ಬನಿಗೆ ಅಮೃತವಾದುದು ಇನ್ನೊಬ್ಬನಿಗೆ ವಿಷ.”
2. “ಕೈಗೆ ಮಾಡುವ ಉಪಚಾರ ಅಲ್ಲಿಗೆ ಮುಟ್ಟುವುದಿಲ್ಲ.”

ಈ. ಮಾಡಿ ನೋಡಿರಿ:
ಮುಖ, ತೋಳು, ಮಾತು ಈ ಮೂರು ಪರೀಕ್ಷೆಗಳನ್ನು ತರಗತಿಯಲ್ಲಿ ಒಬ್ಬರಿಗೊಬ್ಬರು ಮಾಡಿ ಕಲಿಯಿರಿ; ಮನೆಯವರಿಗೂ ತೋರಿಸಿಕೊಡಿರಿ.